ಕೆಂಪು ಕೋಣೆಯ ಬಸುರಿ

ಕೆಂಪು ಬಣ್ಣದ ಒಂದು ಕೋಣೆ. ಕೆಳಗೆ ತುಂಬು ಬಸುರಿಯೊಬ್ಬಳು ಮೈಚೆಲ್ಲಿ ಮಲಗಿದ್ದಾಳೆ. ಮೇಲೆ, ಸೂರಿಗೆ ಹಲ್ಲಿಯಂತೆ ಅಂಟಿಕೊಂಡು ಒಬ್ಬ ಗಂಡಸು. ಅವನ ಮೈಗೆಲ್ಲ ನೆತ್ತಿಯಿಂದ ಅಂಗಾಲಿನವರೆಗೆ ಹೊಳೆಯುವ ಕಪ್ಪು ರಬ್ಬರಿನ ಉಡುಪು. ಮುಖವಿಲ್ಲ, ಹೆಸರಿಲ್ಲ, ವಯಸ್ಸು ತಿಳಿಯುವಂತಿಲ್ಲ. ಅವಳು ಕಿರುಚುತ್ತಿಲ್ಲ, ಎದ್ದು ಓಡುತ್ತಿಲ್ಲ. ಹೊಟ್ಟೆಯ ಮೇಲೊಂದು ಬೆಟ್ಟದಂತಹ ಉಬ್ಬು, ಅದರ ಮೇಲೆ ನೇತಾಡುವ ಕತ್ತಲು. ಇಷ್ಟೇ ಚಿತ್ರ.

ಇದು ‘ಅಮೆರಿಕನ್ ಹಾರರ್ ಸ್ಟೋರಿ’ ಎಂಬ ಟೆಲಿವಿಷನ್ ಧಾರಾವಾಹಿಯ ಮೊದಲ ಕಂತುಮಾಲೆಯ ಭಿತ್ತಿಚಿತ್ರ. ರಯನ್ ಮರ್ಫಿ ಮತ್ತು ಬ್ರಾಡ್ ಫಾಲ್ಚಕ್ ಎಂಬಿಬ್ಬರು ಕಟ್ಟಿದ ಈ ಧಾರಾವಾಹಿ 2011ರ ಅಕ್ಟೋಬರ್‌ನಲ್ಲಿ ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ ಶುರುವಾಯಿತು. ಆ ಮೊದಲ ಮಾಲೆಗೆ ಆಮೇಲೆ ‘ಮರ್ಡರ್ ಹೌಸ್’, ಅಂದರೆ ಕೊಲೆಯ ಮನೆ, ಎಂಬ ಹೆಸರು ನಿಂತಿತು. ಒಟ್ಟು ಹನ್ನೆರಡು ಕಂತು. ಹನ್ನೆರಡನ್ನೂ ನಾನು ನೋಡಿದ್ದೇನೆ. ಆದ್ದರಿಂದ ‘ನೋಡದೆ ಬಯ್ಯುವ ಹೆಂಗಸು’ ಎಂದು ಯಾರೂ ನನ್ನನ್ನು ತಳ್ಳಿಹಾಕುವಂತಿಲ್ಲ. ಕೆಲವು ಕಡೆ ಚೆನ್ನಾಗಿಯೂ ಇದೆ. ನೆರೆಮನೆಯ ಕಾನ್‌ಸ್ಟೆನ್ಸಳಾಗಿ ನಟಿಸಿದ ಜೆಸಿಕಾ ಲ್ಯಾಂಗ್‌ಗೆ 2012ರಲ್ಲಿ ಎಮ್ಮಿ ಪ್ರಶಸ್ತಿ ಬಂದದ್ದು ನ್ಯಾಯವೇ. ನನ್ನ ಜಗಳ ಧಾರಾವಾಹಿಗಿಂತ ಹೆಚ್ಚಾಗಿ ಅದರ ಬಾಗಿಲಿಗೆ ತೂಗುಹಾಕಿದ ಆ ಚಿತ್ರದ ಜೊತೆ. ಏಕೆಂದರೆ ಆ ಚಿತ್ರ ಸುಳ್ಳು ಹೇಳುತ್ತದೆ. ಕಥೆಯಲ್ಲಿ ನಡೆದದ್ದೇ ಒಂದು, ಚಿತ್ರ ತೋರಿಸುವುದೇ ಇನ್ನೊಂದು.

ಮೊದಲು ಕಥೆಯಲ್ಲಿ ಏನಾಯಿತು ಎಂಬುದನ್ನು ಹೇಳಿಬಿಡುತ್ತೇನೆ. ವಿವಿಯನ್ ಎಂಬಾಕೆ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡವಳು. ಆ ದುಃಖದಲ್ಲಿ ಅವಳು ಮುದುಡಿ ಕೂತಿದ್ದಾಗ ಅವಳ ಗಂಡ ಬೆನ್, ತನ್ನ ವಿದ್ಯಾರ್ಥಿನಿಯೊಬ್ಬಳ ಸಂಗ ಮಾಡಿ ಸಿಕ್ಕಿಬೀಳುತ್ತಾನೆ. ಬೆನ್ ಮನೋವೈದ್ಯ, ಊರಿನವರ ಮನಸ್ಸನ್ನೆಲ್ಲ ರಿಪೇರಿ ಮಾಡುವವನು! ಮುರಿದ ಸಂಸಾರಕ್ಕೆ ತೇಪೆ ಹಾಕೋಣವೆಂದು ಗಂಡ, ಹೆಂಡತಿ, ಹರೆಯದ ಮಗಳು ವಯೊಲೆಟ್ ಮೂವರೂ ಬಾಸ್ಟನ್ ಬಿಟ್ಟು ಲಾಸ್ ಏಂಜಲೀಸಿನ ಹಳೆಯ ಬಂಗಲೆಯೊಂದಕ್ಕೆ ಬರುತ್ತಾರೆ. ಆ ಮನೆಯ ಅಟ್ಟದಲ್ಲಿ ಈ ರಬ್ಬರಿನ ಉಡುಪು ಸಿಗುತ್ತದೆ. ಒಂದು ರಾತ್ರಿ ಅದೇ ಉಡುಪು ತೊಟ್ಟ ಒಬ್ಬ ಅವಳ ಮಲಗುವ ಕೋಣೆಗೆ ಬರುತ್ತಾನೆ. ವಿವಿಯನ್ ಅವನನ್ನು ತನ್ನ ಗಂಡನೆಂದೇ ತಿಳಿಯುತ್ತಾಳೆ. ಅವನು ಗಂಡನಲ್ಲ, ಅದೇ ಮನೆಯಲ್ಲಿ ಸತ್ತು ದೆವ್ವವಾಗಿ ಉಳಿದ ಟೇಟ್ ಎಂಬ ಹುಡುಗ. ಬದುಕಿದ್ದಾಗ ಶಾಲೆಯಲ್ಲಿ ಗುಂಡು ಹಾರಿಸಿ ಸಹಪಾಠಿಗಳನ್ನು ಕೊಂದವನು.

ವಿವಿಯನ್ ಅವಳಿ ಮಕ್ಕಳ ಬಸುರಿಯಾಗುತ್ತಾಳೆ. ಒಂದು ಗಂಡನದು, ಇನ್ನೊಂದು ಆ ರಬ್ಬರಿನವನದು. ಮನೆಯಲ್ಲಿ ಏನೋ ಇದೆ, ಯಾರೋ ನನ್ನ ಮೈಮೇಲೆ ಬಂದರು ಎಂದು ಅವಳು ಹೇಳಿದಾಗ ಡಾಕ್ಟರ್ ಗಂಡ ನಂಬುವುದಿಲ್ಲ. ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಲಾಗುತ್ತದೆ. ಅವಳಿಗಳ ತಂದೆಯರು ಬೇರೆಬೇರೆ ಎಂದು ಗೊತ್ತಾದಾಗಲೂ ಅವನ ಮೊದಲ ಸಂಶಯ ಹೆಂಡತಿಯ ನಡತೆಯ ಮೇಲೆಯೇ. ತಾನು ಮಾಡಿದ್ದು ಅಷ್ಟರಲ್ಲಿ ಮರೆತುಹೋಗಿರುತ್ತದೆ. ಕೊನೆಗೆ ವಿವಿಯನ್ ಹೆರಿಗೆಯಲ್ಲಿ ಸಾಯುತ್ತಾಳೆ.

ಈಗ ಆ ಚಿತ್ರವನ್ನು ಮತ್ತೊಮ್ಮೆ ನೆನೆಸಿಕೊಳ್ಳಿ. ಮೋಸ ಹೋದವಳ ಚಿತ್ರವೇ ಅದು? ಕೂಗಿದರೂ ಯಾರೂ ನಂಬದವಳ ಚಿತ್ರವೇ? ಅಲ್ಲ. ಕಾದು ಮಲಗಿದವಳ ಚಿತ್ರ. ಬಳುಕಿದ ಮೈ, ಹಿಂದಕ್ಕೆ ವಾಲಿದ ತಲೆ, ಸುತ್ತ ಶೃಂಗಾರದ ಕೆಂಪು. ಕಥೆಯೊಳಗೆ ಅವಳ ಅರಿವಿಗೆ ಬಾರದಂತೆ ನಡೆದ ಅಪರಾಧ ಬಾಗಿಲಿನ ಚಿತ್ರದಲ್ಲಿ ಅವಳೂ ಪಾಲುದಾರಳಾದ ಯಾವುದೋ ರಹಸ್ಯ ಸುಖವಾಗಿಬಿಟ್ಟಿದೆ. ಅತ್ಯಾಚಾರಕ್ಕೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿದ ಹಾಗೆ.

ನನ್ನ ತಂಗಿಯ ಮಗಳು ಚಿತ್ರಕಲೆ ಓದುತ್ತಿದ್ದಾಳೆ. ಅವಳ ಮುಂದೆ ಇದನ್ನು ಹೇಳಿದೆ. “ದೊಡ್ಡಮ್ಮ, ಅದು ಸಂಕೇತ. ನೀನು ಅಕ್ಷರಶಃ ನೋಡ್ತಿದ್ದೀಯ. ಕೆಂಪು ಅಂದ್ರೆ ಗರ್ಭ, ಕೋಣೆ ಅಂದ್ರೆ ಗರ್ಭ, ರಬ್ಬರ್ ಅಂದ್ರೆ ಅವಳ ಅದುಮಿಟ್ಟ ಆಸೆ. ಕಾಂಪೊಸಿಷನ್ ನೋಡು, ಎಷ್ಟು ಚೆನ್ನಾಗಿದೆ!” ಎಂದಳು. ಹುಡುಗಿ ಜಾಣೆ, ಮಾತು ಕಲಿತಿದ್ದಾಳೆ. ಆದರೆ ‘ಅವಳ ಅದುಮಿಟ್ಟ ಆಸೆ’ ಎಂಬ ಮಾತು ಕೇಳಿದಾಗ ನನಗೆ ಮೈ ಉರಿಯಿತು. ಮೈಮೇಲೆ ಬಿದ್ದವನು ಅವನು, ಆಸೆ ಮಾತ್ರ ಅವಳದೇ? ಯಾವ ನ್ಯಾಯ ಇದು? ಸಂಕೇತ ಎಂದ ಕೂಡಲೇ ಎಲ್ಲ ಲೆಕ್ಕವೂ ಚುಕ್ತಾ ಆಗಿಬಿಡುತ್ತದೆಯೇ? ಸಂಕೇತಕ್ಕೂ ಒಂದು ವಂಶಾವಳಿ ಇರುತ್ತದೆ. ಅದನ್ನು ಯಾರು, ಯಾರಿಗಾಗಿ ಕಟ್ಟಿದರು ಎಂದು ಕೇಳುವ ಹಕ್ಕು ನೋಡುವವರಿಗೆ ಇದ್ದೇ ಇದೆ.

ಈ ಚಿತ್ರದ ಮುತ್ತಜ್ಜ ಯಾರೆಂದು ನನಗೆ ಗೊತ್ತು. ಹೆನ್ರಿ ಫ್ಯೂಸೆಲಿ ಎಂಬ ಸ್ವಿಟ್ಜರ್‌ಲೆಂಡ್ ಮೂಲದ ಕಲಾವಿದ ಲಂಡನ್ನಿನಲ್ಲಿ 1781ರಲ್ಲಿ ಬರೆದ ‘ದಿ ನೈಟ್‌ಮೇರ್’, ದುಃಸ್ವಪ್ನ. 1782ರಲ್ಲಿ ಅಲ್ಲಿನ ರಾಯಲ್ ಅಕಾಡೆಮಿಯಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಜನ ಬೆಚ್ಚಿದರು, ಆದರೂ ನೋಡಿದರು. ಅದನ್ನು ನೋಡಿ ಕೆತ್ತಿದ ಅಚ್ಚಿನ ಚಿತ್ರಗಳು ಮುಂದಿನ ವರ್ಷವೇ ಮಾರಾಟಕ್ಕೆ ಬಂದವು. ಈಗ ಮೂಲ ಚಿತ್ರ ಅಮೆರಿಕದ ಡೆಟ್ರಾಯ್ಟ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬಿಳಿಯ ನಿಲುವಂಗಿ ತೊಟ್ಟ ಹೆಣ್ಣೊಬ್ಬಳು ಮಂಚದ ಮೇಲೆ ಮೈಚೆಲ್ಲಿ ಬಿದ್ದಿದ್ದಾಳೆ. ತಲೆಯೂ ತೋಳೂ ಮಂಚದಂಚಿನಿಂದ ಕೆಳಕ್ಕೆ ಜೋತುಬಿದ್ದಿವೆ. ಅವಳ ಮೈಮೇಲೆ, ಎದೆಯ ಕೆಳಗೆ ಒಂದು ಕುಳ್ಳ ಪಿಶಾಚಿ ಕುಕ್ಕರುಗಾಲಲ್ಲಿ ಕೂತಿದೆ. ಹಿಂದೆ ಕಡುಗೆಂಪು ಪರದೆ. ಪರದೆಯ ಸಂದಿಯಿಂದ ಪಾಪೆಯಿಲ್ಲದ ಬಿಳಿಗಣ್ಣಿನ ಕುದುರೆಯೊಂದು ಇಣುಕುತ್ತಿದೆ. ನಿದ್ದೆಯಲ್ಲಿ ಹೆಂಗಸರ ಮೇಲೆ ಬೀಳುವ ಒಂದು ಗಂಡು ಪಿಶಾಚಿಯನ್ನು ಯೂರೋಪಿನವರು ಬಹಳ ಹಿಂದಿನಿಂದ ನಂಬಿದ್ದರು. ಫ್ಯೂಸೆಲಿ ಅದಕ್ಕೆ ಮೈಬಣ್ಣ ಕೊಟ್ಟ.

ಆ ಕ್ಯಾನ್ವಾಸಿನ ಬೆನ್ನಿಗೆ ಇನ್ನೊಂದು ಚಿತ್ರವಿದೆ, ಅರ್ಧಕ್ಕೆ ಬಿಟ್ಟ ಒಬ್ಬ ಯುವತಿಯ ಭಾವಚಿತ್ರ. ಫ್ಯೂಸೆಲಿ ಮೋಹಿಸಿ, ಕೈಗೆ ಸಿಗದೆ ಹೋದ ಆನಾ ಲ್ಯಾಂಡೋಲ್ಟ್ ಎಂಬಾಕೆಯದು ಅದು ಎಂದು ಕೆಲವು ಕಲಾ ಇತಿಹಾಸಕಾರರು ಊಹಿಸುತ್ತಾರೆ. ಊಹೆ ಸರಿಯೋ ತಪ್ಪೋ, ಚಿತ್ರದ ಎರಡು ಮಗ್ಗುಲನ್ನೂ ಒಟ್ಟಿಗೆ ನೋಡಿದರೆ ಮಾತ್ರ ಅದು ಯಾರ ದುಃಸ್ವಪ್ನ ಎಂಬ ಪ್ರಶ್ನೆ ಏಳುತ್ತದೆ. ನಿದ್ದೆ ಮಾಡುತ್ತಿರುವವಳು ಹೆಣ್ಣು, ನಿಜ. ಕನಸು ಕಾಣುತ್ತಿರುವವನು ಮಾತ್ರ ಕುಂಚ ಹಿಡಿದು ಎದುರಿಗೆ ನಿಂತವನು. ಅವಳಿಗೆ ತನ್ನ ಮೈಮೇಲೆ ಕೂತ ಪಿಶಾಚಿ ಕಾಣುತ್ತಿಲ್ಲ, ನಮಗೆ ಕಾಣುತ್ತಿದೆ. ನೋಡುವ ಸುಖ ನಮ್ಮದು, ಭಾರ ಅವಳದು. ಇನ್ನೂರ ಮೂವತ್ತು ವರ್ಷ ಕಳೆದ ಮೇಲೆ ಅಮೆರಿಕದ ಪ್ರಚಾರ ವಿಭಾಗದವರು ಮಾಡಿದ್ದಿಷ್ಟೆ. ಎದೆಯ ಕೆಳಗೆ ಕೂತಿದ್ದ ಪಿಶಾಚಿಯನ್ನು ಸೂರಿಗೆ ಏರಿಸಿದರು, ಮೈಗೆ ರಬ್ಬರ್ ತೊಡಿಸಿದರು, ಹೆಣ್ಣಿನ ಹೊಟ್ಟೆಯನ್ನು ಉಬ್ಬಿಸಿದರು. ಕೆಂಪು ಪರದೆಯನ್ನು ಗೋಡೆಗೆ ಬಳಿದರು. ಹೊಸದು ಯಾವುದಿದೆ ಇದರಲ್ಲಿ?

ಇನ್ನೊಂದು ಚಿತ್ರ ನೆನಪಾಗುತ್ತದೆ, ಅದನ್ನು ಹೇಳದಿದ್ದರೆ ತಕ್ಕಡಿ ಒಂದೇ ಕಡೆ ವಾಲಿದ ಹಾಗಾದೀತು. ಐರಾ ಲೆವಿನ್ 1967ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ 1968ರಲ್ಲಿ ‘ರೋಸ್‌ಮೇರೀಸ್ ಬೇಬಿ’ ಎಂಬ ಸಿನಿಮಾ ಬಂತು. ಅದರಲ್ಲೂ ಒಬ್ಬ ಬಸುರಿ, ಅದರಲ್ಲೂ ಅವಳಿಗೆ ತಿಳಿಯದಂತೆ ಮೈಯನ್ನು ಕದ್ದವರು, ಅದರಲ್ಲೂ ಒಳಸಂಚಿನ ಗಂಡ. ಮದ್ದು ಬೆರೆಸಿದ ತಿನಿಸು ಕೊಟ್ಟು ಅವಳನ್ನು ಸೈತಾನನಿಗೆ ಒಪ್ಪಿಸುತ್ತಾರೆ. ಆದರೆ ಅದರ ಪೋಸ್ಟರ್ ನೋಡಿ. ಹಸಿರು ಮಬ್ಬಿನಲ್ಲಿ ಮಲಗಿದ ನಟಿ ಮಿಯಾ ಫ್ಯಾರೋಳ ದೊಡ್ಡ ಮುಖ, ಮೇಲಕ್ಕೆ ನೋಡುತ್ತಿರುವಂತೆ. ಅದರ ಎದುರು ಬಂಡೆಯ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಮಗುವಿನ ತಳ್ಳುಗಾಡಿ, ಬರೀ ಕಪ್ಪು ನೆರಳು. ಸೈತಾನ ಎಲ್ಲೂ ಇಲ್ಲ, ಮೈ ಎಲ್ಲೂ ಇಲ್ಲ. ಅವಳ ಮುಖ ಮತ್ತು ಅವಳ ಚಿಂತೆ ಇವೆರಡೇ. ಹೊಟ್ಟೆಯಲ್ಲಿರುವುದು ಏನು ಎಂಬ ಹೆದರಿಕೆ ಹೆತ್ತವರಿಗೆಲ್ಲ ಗೊತ್ತು. ಏಳನೆಯ ತಿಂಗಳಲ್ಲಿ ನಡುರಾತ್ರಿ ಎಚ್ಚರವಾಗಿ, ಒಳಗೆ ಮಿಸುಕಾಟ ನಿಂತಿದೆಯೋ ಎಂದು ಅಂಗೈ ಇಟ್ಟು ಕಾಯುತ್ತಾ ಕೂತಿದ್ದವಳು ನಾನು. ಪಕ್ಕದಲ್ಲಿ ಮನೆಯವರು ಗೊರಕೆ ಹೊಡೆಯುತ್ತಿದ್ದರು. ಆ ತಳ್ಳುಗಾಡಿಯನ್ನು ನೋಡಿದಾಗ ನನಗೆ ಆ ರಾತ್ರಿ ನೆನಪಾಯಿತು. ಕೆಂಪು ಕೋಣೆಯ ಬಸುರಿಯನ್ನು ನೋಡಿದಾಗ ನನಗೆ ನನ್ನ ಯಾವ ರಾತ್ರಿಯೂ ನೆನಪಾಗಲಿಲ್ಲ.

ವಿಚಿತ್ರವೆಂದರೆ ಆ ಸಿನಿಮಾದ ನಿರ್ದೇಶಕ ರೋಮನ್ ಪೊಲಾನ್‌ಸ್ಕಿ. ಹದಿಮೂರು ವರ್ಷದ ಹುಡುಗಿಯೊಬ್ಬಳ ಪ್ರಕರಣದಲ್ಲಿ 1977ರಲ್ಲಿ ತಪ್ಪೊಪ್ಪಿಕೊಂಡು, ಶಿಕ್ಷೆಗೆ ಮುಂಚೆ 1978ರಲ್ಲಿ ಅಮೆರಿಕ ಬಿಟ್ಟು ಓಡಿದವನು. ಅವನನ್ನು ಹೊಗಳಲು ನನ್ನ ನಾಲಿಗೆ ಏಳುವುದಿಲ್ಲ. ಆದರೂ ಪೋಸ್ಟರ್ ಮಾಡಿದವರು ಬೇರೆ, ಅವರಿಗೆ ಹೆಣ್ಣಿನ ಹೆದರಿಕೆ ಎಲ್ಲಿರುತ್ತದೆ ಎಂಬುದು ತಿಳಿದಿತ್ತು.

ಗಂಡನ ವೇಷದಲ್ಲಿ ಬಂದು ಹೆಂಡತಿಯನ್ನು ಕೆಡಿಸುವ ಕಥೆ ನಮಗೇನು ಹೊಸದೇ? ಅಹಲ್ಯೆಯ ಬಳಿಗೆ ಇಂದ್ರ ಗೌತಮನ ರೂಪದಲ್ಲಿ ಬಂದ. ಅವಳಿಗೆ ಅದು ತಿಳಿದಿತ್ತು ಎಂದು ವಾಲ್ಮೀಕಿ, ತಿಳಿದಿರಲಿಲ್ಲ ಎಂದು ಆಮೇಲೆ ಹೇಳಿದ ಹಲವರು. ತಿಳಿದಿರಲಿ, ಬಿಡಲಿ, ಊರೂರಿನ ಹರಿಕಥೆಯಲ್ಲಿ ಕಲ್ಲಾಗಿ ಬಿದ್ದವಳು ಅಹಲ್ಯೆಯೇ ಹೊರತು ಇಂದ್ರನಲ್ಲ. ಅವನು ಶಾಪದ ಗುರುತು ಹೊತ್ತುಕೊಂಡೇ ಸ್ವರ್ಗದ ಸಿಂಹಾಸನಕ್ಕೆ ಮರಳಿದ. ನಮ್ಮ ಪು.ತಿ.ನ. ‘ಅಹಲ್ಯೆ’ ಗೀತನಾಟಕ ಬರೆದು ಅವಳ ಮನಸ್ಸಿನೊಳಗೆ ಇಳಿದು ನೋಡಿದರು. ಆ ರಬ್ಬರಿನವನ ಚಿತ್ರ ಬರೆದವರಿಗೆ ಹಾಗೆ ಇಳಿದು ನೋಡುವ ಪುರುಸೊತ್ತಿರಲಿಲ್ಲ.

ನಮ್ಮ ಕಾನೂನು ಇನ್ನೂ ಚೆನ್ನಾಗಿದೆ ನೋಡಿ. 1860ರ ಭಾರತೀಯ ದಂಡ ಸಂಹಿತೆಯ 375ನೆಯ ಕಲಮಿನಲ್ಲಿ ಒಂದು ಮಾತಿತ್ತು. ತಾನು ಆಕೆಯ ಗಂಡನಲ್ಲ ಎಂದು ಗೊತ್ತಿದ್ದೂ, ಆಕೆ ತನ್ನನ್ನು ಗಂಡನೆಂದು ನಂಬಿ ಒಪ್ಪಿದ್ದಾಳೆಂದು ಗೊತ್ತಿದ್ದೂ ಒಬ್ಬ ಗಂಡಸು ಅವಳನ್ನು ಕೂಡಿದರೆ ಅದು ಅತ್ಯಾಚಾರವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಅದು ಹಾಗೆಯೇ ಉಳಿದಿದೆ. ಅಂದರೆ ವಿವಿಯನ್ನಳಿಗೆ ಆದದ್ದನ್ನು ನಮ್ಮ ಪೊಲೀಸ್ ಠಾಣೆಯಲ್ಲಿ ಹೇಳಿದರೆ ಅದಕ್ಕೊಂದು ಹೆಸರಿದೆ. ದೆವ್ವಕ್ಕೆ ಸಮನ್ಸ್ ಜಾರಿ ಮಾಡಲು ಬರುವುದಿಲ್ಲ ಎಂಬುದು ಬೇರೆ ಮಾತು. ಕಾನೂನಿಗೆ ಅಪರಾಧವಾಗಿ ಕಂಡದ್ದು ಜಾಹೀರಾತಿಗೆ ಅಂದವಾಗಿ ಕಂಡಿತು.

ಅದೇ ಕಲಮಿನ ಕೊನೆಯಲ್ಲಿ ಇನ್ನೊಂದು ಮಾತೂ ಇದೆ ಎಂಬುದನ್ನು ಮರೆಮಾಚಲಾರೆ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಸ್ವಂತ ಗಂಡ ಮಾಡಿದ್ದು ಅತ್ಯಾಚಾರವಲ್ಲ ಎಂಬ ವಿನಾಯಿತಿ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅಂತಹ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಗಂಡನ ವೇಷ ಹಾಕಿ ಬಂದವನಿಗೆ ಜೈಲು, ವೇಷವಿಲ್ಲದೆ ಬಂದ ಗಂಡನಿಗೆ ವಿನಾಯಿತಿ! ರಬ್ಬರ್ ಉಡುಪಿನ ಒಳಗೆ ಯಾರಿದ್ದಾರೆ ಎಂಬುದು ವಿವಿಯನ್ನಳಿಗೆ ಗೊತ್ತಿರಲಿಲ್ಲ ಎಂದೆನಲ್ಲ, ಈ ಕಲಮನ್ನು ಓದುವಾಗಲೂ ಹಾಗೇ ಅನಿಸುತ್ತದೆ.

ಇನ್ನು ಆ ಡಾಕ್ಟರ್ ಗಂಡನ ವಿಷಯ. ಅವನೂ ಹೊಸಬನಲ್ಲ. ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಎಂಬ ಅಮೆರಿಕದ ಲೇಖಕಿ 1892ರಲ್ಲಿ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕಥೆ ಪ್ರಕಟಿಸಿದಳು. ಹೆರಿಗೆಯಾದ ಮೇಲೆ ಮನಸ್ಸು ಕುಗ್ಗಿದ ಹೆಂಡತಿಯನ್ನು ವೈದ್ಯನಾದ ಗಂಡ ಒಂದು ಕೋಣೆಯಲ್ಲಿ ವಿಶ್ರಾಂತಿಗೆಂದು ಕೂರಿಸುತ್ತಾನೆ. ಬರೆಯಬಾರದು, ಯೋಚಿಸಬಾರದು, ಸುಮ್ಮನಿರಬೇಕು. ಅವಳಿಗೆ ಗೋಡೆಯ ಹಳದಿ ಕಾಗದದ ಹಿಂದೆ ಒಬ್ಬ ಹೆಂಗಸು ತೆವಳುವುದು ಕಾಣತೊಡಗುತ್ತದೆ. ಗಿಲ್ಮನ್ ಇದನ್ನು ಕಟ್ಟಿ ಹೇಳಿದವಳಲ್ಲ. ಸೈಲಾಸ್ ವಿಯರ್ ಮಿಚೆಲ್ ಎಂಬ ಹೆಸರಾಂತ ವೈದ್ಯನಿಂದ ಆ ‘ವಿಶ್ರಾಂತಿ ಚಿಕಿತ್ಸೆ’ಯನ್ನು ತಾನೇ ಅನುಭವಿಸಿದವಳು. ಕಥೆ ಏಕೆ ಬರೆದೆ ಎಂದು 1913ರಲ್ಲಿ ಆಕೆಯೇ ಒಂದು ಲೇಖನ ಬರೆದಳು. ಒಂದು ಕೋಣೆ, ಒಬ್ಬ ಹೆಂಗಸು, ಗೋಡೆಯ ಬಣ್ಣ, ಇದೂ ಅದೇ ಸಾಮಗ್ರಿಯೇ. ಆದರೆ ಗಿಲ್ಮನ್‌ಳ ಕೋಣೆಯಲ್ಲಿ ಮಲಗಿಸಿದವಳು ಎದ್ದು ಕೂತು ಕಾಗದವನ್ನು ಹರಿಯುತ್ತಾಳೆ. ಕೋಣೆಯ ಹೊರಗಿನವನಿಗೆ ಕಾಣದ್ದು ಒಳಗಿನವಳಿಗೆ ಕಾಣುತ್ತದೆ. ಕೆಂಪು ಕೋಣೆಯ ಚಿತ್ರದಲ್ಲಿ ನಮ್ಮ ಕಣ್ಣು ಅವಳ ಹೊಟ್ಟೆಯ ಮೇಲೆ, ಸೂರಿನವನ ಹೊಳಪಿನ ಮೇಲೆ. ಅವಳಿಗೆ ಏನು ಕಾಣುತ್ತಿದೆ ಎಂದು ಕೇಳುವ ಆಸೆಯೇ ಚಿತ್ರಕ್ಕಿಲ್ಲ.

‘ಪೋಸ್ಟರ್ ಇರುವುದು ಗಿರಾಕಿಯನ್ನು ಕರೆಯುವುದಕ್ಕೆ. ಅದರಿಂದ ಅಷ್ಟೆಲ್ಲ ಯಾಕೆ ಬಯಸುತ್ತೀರಿ?’ ಎಂದು ಕೇಳುವವರಿದ್ದಾರೆ. ಸರಿ, ಕರೆಯಲಿ. ಕರೆಯುವುದಕ್ಕೆ ಇದಕ್ಕಿಂತ ಮೈ ನಡುಗಿಸುವ ಚಿತ್ರ ಆ ಕಥೆಯ ಒಳಗೇ ಇತ್ತಲ್ಲ!

ಆ ಮನೆಯಲ್ಲಿ ಮೊಯ್ರಾ ಎಂಬ ಕೆಲಸದಾಕೆ ಇದ್ದಾಳೆ. ಹೆಂಗಸರ ಕಣ್ಣಿಗೆ ಅವಳು ನರೆತ ಕೂದಲಿನ ಮುದುಕಿ, ಒಂದು ಕಣ್ಣು ಪೊರೆಗಟ್ಟಿ ಬೆಳ್ಳಗಾಗಿದೆ. ಗಂಡಸರ ಕಣ್ಣಿಗೆ ಮಾತ್ರ ಅವಳು ತುಂಡು ಬಟ್ಟೆಯ ಹರೆಯದ ಚೆಲುವೆ. ಬೆನ್‌ಗೆ ಅವಳು ನೆಲ ಒರೆಸುವುದೂ ಶೃಂಗಾರವಾಗಿ ಕಾಣುತ್ತದೆ. ಅದೇ ಹೊತ್ತಿಗೆ ಅದೇ ಬಾಗಿಲಿನಿಂದ ಬಂದ ವಿವಿಯನ್‌ಗೆ ಕಾಣುವುದು ಸೊಂಟ ಹಿಡಿದು ದುಡಿಯುವ ಮುದುಕಿ. 1983ರಲ್ಲಿ ಆ ಮನೆಯ ಯಜಮಾನ ಅವಳನ್ನು ಬಲವಂತ ಮಾಡುತ್ತಿದ್ದಾಗ ಅವನ ಹೆಂಡತಿ ಕಾನ್‌ಸ್ಟೆನ್ಸ್ ಬಂದು ಅವಳ ಕಣ್ಣಿಗೆ ಗುಂಡು ಹೊಡೆದಳು, ಆಮೇಲೆ ಗಂಡನಿಗೂ. ಆ ಬೆಳ್ಳಗಾದ ಕಣ್ಣು ಅದರ ಗುರುತು. ತಪ್ಪು ಮಾಡಿದವನು ಗಂಡ, ಮೊದಲ ಗುಂಡು ಕೆಲಸದವಳಿಗೆ. ಇದು ನಮ್ಮ ಓಣಿಯ ಮನೆಗಳಲ್ಲಿ ನಡೆಯದ ಕಥೆಯೇ? ಗುಂಡು ಇರುವುದಿಲ್ಲ, ಅಷ್ಟೆ. ಮನೆಯ ಯಜಮಾನನ ಕಣ್ಣು ತಪ್ಪಿದರೆ ಮನೆ ಬಿಟ್ಟು ಹೋಗಬೇಕಾದವಳು ಪಾತ್ರೆ ತೊಳೆಯುವವಳೇ.

ಆ ಮುಖವನ್ನು ಪೋಸ್ಟರಿಗೆ ಹಾಕಬಹುದಿತ್ತು. ಒಂದು ಕಡೆಯಿಂದ ನೋಡಿದರೆ ಹುಡುಗಿ, ಇನ್ನೊಂದು ಕಡೆಯಿಂದ ನೋಡಿದರೆ ಗುಂಡೇಟು ತಿಂದ ಕಣ್ಣಿನ ಮುದುಕಿ. ನೋಡುವವನು ಯಾರೆಂಬುದರ ಮೇಲೆ ಹೆಣ್ಣು ಯಾರೆಂಬುದು ನಿಲ್ಲುತ್ತದೆ ಎಂಬ ಮಾತನ್ನು ಅದಕ್ಕಿಂತ ಚುರುಕಾಗಿ ಹೇಳುವ ಸಂಕೇತ ನನಗೆ ಗೊತ್ತಿಲ್ಲ. ತಂಗಿಯ ಮಗಳಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದು ಸೇಲ್ ಆಗ್ತಿರಲಿಲ್ಲ ದೊಡ್ಡಮ್ಮ” ಎಂದಳು. ಈ ಒಂದು ಮಾತಿನಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದೆವು.

ಆಮೇಲಿನ ಮಾಲೆಗಳ ಚಿತ್ರಗಳನ್ನೂ ನೋಡಿದ್ದೇನೆ. 2013ರ ‘ಕವೆನ್’ ಮಾಟಗಾತಿಯರ ಕಥೆ. ಅದರ ಒಂದು ಪೋಸ್ಟರಿನಲ್ಲಿ ಕಪ್ಪುಡುಗೆಯ ಮೂವರು ಹೆಂಗಸರು, ಬಾಯಿಗಳಲ್ಲಿ ಹಾವು. ಹಾವು ಏನೆಂದು ವಿವರಿಸಲು ಚಿತ್ರಕಲಾ ಶಾಲೆಗೆ ಹೋಗಬೇಕಾಗಿಲ್ಲ. ಅದರ ಬಗ್ಗೆ ಹೆಚ್ಚು ಹೇಳಿ ನಿಮ್ಮ ಹೊತ್ತು ಕೆಡಿಸುವುದಿಲ್ಲ.

ಚಿತ್ರದಿಂದ ಯಾರಿಗೇನು ನಷ್ಟ, ಕಾಗದ ತಾನೇ ಎನ್ನುವವರಿಗೆ ಮಾತ್ರ ಒಂದು ಸಂಗತಿ ಹೇಳಬೇಕು. 2011ರ ಕಥೆಯ ಕೊನೆಯಲ್ಲಿ ಮಗಳು ವಯೊಲೆಟ್‌ಗೆ, ತಾನು ಪ್ರೀತಿಸಿದ ಟೇಟ್‌ನೇ ತನ್ನ ತಾಯಿಯನ್ನು ಕೆಡಿಸಿದವನು ಎಂದು ತಿಳಿಯುತ್ತದೆ. ಅವಳು ಅವನನ್ನು ದೂರ ಮಾಡುತ್ತಾಳೆ. ಹದಿಹರೆಯದ ಹುಡುಗಿಗೆ ಇದ್ದ ಆ ವಿವೇಕವನ್ನು ಕಂಡು ನನಗೆ ಸಮಾಧಾನವಾಗಿತ್ತು. ಆದರೆ ಟೇಟ್‌ನ ಮುದ್ದು ಮುಖಕ್ಕೆ, ಗುಂಗುರು ಕೂದಲಿಗೆ ಜಗತ್ತಿನ ಎಷ್ಟೋ ಹುಡುಗಿಯರು ಮರುಳಾದರು. ರಬ್ಬರಿನೊಳಗೆ ಇದ್ದವನು ಅವನೇ ಎಂಬುದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಅದು ಅವರಿಗೆ ಅಪರಾಧದ ಹಾಗೆ ಕಾಣಲಿಲ್ಲ. ಹೇಗೆ ಕಂಡೀತು? ಕಥೆ ಶುರುವಾಗುವುದಕ್ಕೆ ಮೊದಲೇ ಬೀದಿಯ ಗೋಡೆಗಳ ಮೇಲೆ ಅದನ್ನು ಸರಸದ ಹಾಗೆ ತೋರಿಸಿ ಆಗಿತ್ತು.

ಏಳು ವರ್ಷ ಕಳೆದು 2018ರಲ್ಲಿ ‘ಅಪೊಕಲಿಪ್ಸ್’ ಎಂಬ ಮಾಲೆ ಬಂತು. ಅದರ ಆರನೆಯ ಕಂತಿನಲ್ಲಿ ಕಥೆ ಮತ್ತೆ ಆ ಹಳೆಯ ಮನೆಗೆ ಹೋಗುತ್ತದೆ. ಮನೆಯಲ್ಲಿದ್ದ ದುಷ್ಟಶಕ್ತಿಯೇ ಟೇಟ್‌ನ ಕೈಯಲ್ಲಿ ಅದನ್ನೆಲ್ಲ ಮಾಡಿಸಿತು, ಅವನದೇನೂ ತಪ್ಪಿಲ್ಲ ಎಂದು ಒಬ್ಬಳು ವಯೊಲೆಟ್‌ಗೆ ತಿಳಿಹೇಳುತ್ತಾಳೆ. ವಯೊಲೆಟ್ ಅವನ ಕೈ ಹಿಡಿಯುತ್ತಾಳೆ. ಹಿನ್ನೆಲೆಯಲ್ಲಿ ಇಂಪಾದ ಸಂಗೀತ. ಅವಳ ತಾಯಿ ವಿವಿಯನ್ ಅದೇ ಮನೆಯಲ್ಲಿ ದೆವ್ವವಾಗಿ ಇದ್ದಾಳೆ. ಅವಳನ್ನು ಒಂದು ಮಾತು ಕೇಳಿದವರಿಲ್ಲ.